ಹೆಸರು ಬಿಡಿ, ಬಟ್ಟಲಲ್ಲಿ ಏನಿದೆ ನೋಡಿ


ಇಂದಿನ ಧಮ್ಮ ಚಿಂತನೆ



ಮಜ್ಝಿಮ ನಿಕಾಯದ ಅರಣವಿಭಂಗ ಸುತ್ತದಲ್ಲಿ ಭಗವಾನ್ ಬುದ್ಧರು ಜಗಳವಿಲ್ಲದ ದಾರಿಯನ್ನು ತಿಳಿಸುತ್ತಾರೆ. ಅಲ್ಲೊಂದು ಸರಳ ಉದಾಹರಣೆ ಇದೆ. ಉಣ್ಣುವ ಬಟ್ಟಲಿಗೆ ಒಂದು ಸೀಮೆಯವರು ಪಾತಿ ಎನ್ನುತ್ತಾರೆ, ಇನ್ನೊಂದು ಸೀಮೆಯವರು ಪತ್ತ, ಮತ್ತೊಂದು ಕಡೆಯವರು ಸರಾವ. ನಮ್ಮ ಮಾತೇ ನಿಜ, ಉಳಿದದ್ದು ಸುಳ್ಳು ಎಂದು ಹಠ ಹಿಡಿದರೆ ಜಗಳ. ಇವರು ಯಾವ ವಸ್ತುವಿಗೆ ಹೀಗೆ ಹೇಳುತ್ತಾರೆ ಎಂದು ತಿಳಿದು ಮಾತಾಡಿದರೆ ಶಾಂತಿ.

ಇಂದಿನ ರಾಜಕೀಯದಲ್ಲಿ ಇದು ತಿರುಗುಮುರುಗಾಗಿದೆ. ಹೆಸರು ಒಂದೇ, ಬಟ್ಟಲು ಹಲವು. ಚೀನಾ ತನ್ನದು ಸಮಾಜವಾದಿ ಮಾರುಕಟ್ಟೆ ವ್ಯವಸ್ಥೆ ಎನ್ನುತ್ತದೆ. ಅಲ್ಲಿ ಕೋಟ್ಯಧೀಶರಿಗೂ ಕೊರತೆಯಿಲ್ಲ. ನಮ್ಮ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಮಿನ ಪ್ರಕಾರ, ನೋಂದಣಿ ಬಯಸುವ ಪ್ರತಿ ಪಕ್ಷವೂ ಸಮಾಜವಾದಕ್ಕೆ ನಿಷ್ಠೆ ಎಂದು ಬರೆದುಕೊಡಬೇಕು. ಸರ್ಕಾರಿ ಕಾರ್ಖಾನೆ ಮಾರುವವರೂ, ಮಾರಬೇಡಿ ಎನ್ನುವವರೂ ಅದೇ ಕಾಯ್ದೆಯ ಕೆಳಗೆ ಓಟು ಕೇಳುತ್ತಾರೆ.

ಈ ಪದಗಳು ನಮ್ಮ ಬಳಗದೊಳಗೂ ಬಂದವು. ಸಾಲ ತೆಗೆದು ವೆಲ್ಡಿಂಗ್ ಶೆಡ್ ಹಾಕಲು ಹೊರಟ ಹುಡುಗನನ್ನು ನಮ್ಮ ಹಿರಿಯರೊಬ್ಬರು ಬಂಡವಾಳಶಾಹಿ ಎಂದರು. ಅವನು ಅವರನ್ನು ಕಮ್ಯುನಿಸ್ಟ್ ಎಂದ. ಇಬ್ಬರೂ ತ್ರಿಸರಣ ಹೇಳುವವರೇ, ಆದರೆ ಎರಡು ವಾರ ಮಾತಿಲ್ಲ. ನಾನು ಇಬ್ಬರನ್ನೂ ಕೂರಿಸಿ, ಆ ಪದ ಬಿಟ್ಟು ನಿಮಗೇನು ಬೇಕೋ ಹೇಳಿ ಎಂದೆ. ಹಿರಿಯರು ಗುತ್ತಿಗೆಯಲ್ಲಿ ಕಸ ಗುಡಿಸಿದವರು. "ಎಲ್ಲಾ ಖಾಸಗಿ ಆದರೆ ನಮ್ಮ ಮಕ್ಕಳ ಮೀಸಲಾತಿ ಎಲ್ಲಿ?" ಎಂದರು. ಹುಡುಗ ಹೇಳಿದ: "ದೊಡ್ಡಪ್ಪ, ನಾನು ಯಾರ ಮುಂದೆಯೂ ಕೈಕಟ್ಟಿ ನಿಲ್ಲಬಾರದು, ಅಷ್ಟೇ." ಸ್ವಲ್ಪ ಹೊತ್ತು ಬಿಟ್ಟು ಹಿರಿಯರು ಕೇಳಿದರು: "ಆಯ್ತಪ್ಪ. ನಿನ್ನ ಶೆಡ್ಡಿಗೆ ಬರೋ ಹುಡುಗರು ನಿನ್ನ ಮುಂದೆ ಹೇಗೆ ನಿಲ್ಲಬೇಕು?"

ಬಂಧುಗಳೇ, ಚರ್ಚೆ ನಿಜವಾಗಿ ಶುರುವಾದದ್ದು ಆ ಪ್ರಶ್ನೆಯಿಂದ.

ಬಾಬಾಸಾಹೇಬರ ರೀತಿಯೂ ಇದೇ. 1938ರಲ್ಲಿ ಮನ್ಮಾಡಿನಲ್ಲಿ ರೈಲ್ವೆ ಕಾರ್ಮಿಕರ ಮುಂದೆ, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಇವೆರಡೂ ನಿಮ್ಮ ಶತ್ರುಗಳು ಎಂದರು. ಕೂಡಲೇ ಅರ್ಥವನ್ನೂ ಬಿಡಿಸಿದರು: ಬ್ರಾಹ್ಮಣಶಾಹಿ ಎಂದರೆ ಒಂದು ಜಾತಿಯ ಜನರಲ್ಲ, ಸ್ವಾತಂತ್ರ್ಯ, ಸಮಾನತೆ, ಬಂಧುತ್ವವನ್ನು ಅಲ್ಲಗಳೆಯುವ ಗುಣ, ಅದು ಎಲ್ಲ ಜಾತಿಗಳಲ್ಲೂ ಇದೆ. 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ ರಾಜ್ಯ ಸಮಾಜವಾದ ಎಂದು ಹೆಸರಿಟ್ಟು ಸುಮ್ಮನಾಗಲಿಲ್ಲ. ಮುಖ್ಯ ಕೈಗಾರಿಕೆ, ವಿಮೆ, ಕೃಷಿ ಸರ್ಕಾರದ ಕೈಯಲ್ಲಿರಲಿ, ಭೂಮಿಯನ್ನು ಜಾತಿಭೇದವಿಲ್ಲದೆ ಸಾಗುವಳಿಗೆ ಕೊಡಲಿ ಎಂದು ಬಿಡಿಬಿಡಿಯಾಗಿ ಬರೆದರು. 1948ರ ನವೆಂಬರ್ 15ರಂದು ಕೆ.ಟಿ. ಶಾ ಅವರು ಸಂವಿಧಾನಕ್ಕೆ ಸಮಾಜವಾದಿ ಎಂಬ ಪದ ಸೇರಿಸಿ ಎಂದಾಗ ಒಪ್ಪಲಿಲ್ಲ. ಮುಂದಿನ ಜನ ತಮ್ಮ ವ್ಯವಸ್ಥೆಯನ್ನು ತಾವೇ ಆರಿಸಿಕೊಳ್ಳಲಿ ಎಂದರು. ಸಂಪತ್ತು ಕೆಲವರ ಕೈ ಸೇರದಿರಲಿ, ಸಮಾನ ಕೆಲಸಕ್ಕೆ ಸಮಾನ ವೇತನವಿರಲಿ ಎಂಬ ನಿರ್ದೇಶಕ ತತ್ವಗಳನ್ನು ತೋರಿಸಿದರು. ಆ ಪದ ಪೀಠಿಕೆಗೆ ಬಂದದ್ದು 1976ರ 42ನೇ ತಿದ್ದುಪಡಿಯಲ್ಲಿ. ಪದಕ್ಕಿಂತ ಮೊದಲೇ ಅವರು ತಿರುಳನ್ನು ಇಟ್ಟಿದ್ದರು.

ದುಡಿಸಿಕೊಳ್ಳುವವನ ಕರ್ತವ್ಯವನ್ನು ಬುದ್ಧರು ಸಿಗಾಲೋವಾದ ಸುತ್ತದಲ್ಲಿ ಹೇಳಿದ್ದಾರೆ: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ವಿಶೇಷ ಅಡುಗೆಯಲ್ಲಿ ಪಾಲು, ಸಮಯಕ್ಕೆ ಬಿಡುವು. ಸರ್ಕಾರವಾಗಲಿ, ಕಂಪನಿಯಾಗಲಿ, ನಮ್ಮವನದೇ ಶೆಡ್ ಆಗಲಿ, ಈ ಅಳತೆಯಲ್ಲಿ ಅಳೆಯೋಣ.

ಇಂದಿನ ಸಾಧನೆ: ಯಾರಾದರೂ ಒಂದು 'ವಾದ'ದ ಹೆಸರು ಹೇಳಿದರೆ ತಕ್ಷಣ ಹೊಗಳುವುದೂ ಬೇಡ, ತೆಗಳುವುದೂ ಬೇಡ. ಶಾಂತವಾಗಿ ಕೇಳೋಣ: ಇದರಲ್ಲಿ ದುಡಿಯುವವರು ಯಾರು, ಉಣ್ಣುವವರು ಯಾರು, ತಲೆ ಎತ್ತಿ ನಿಲ್ಲುವವರು ಯಾರು?

ಸಬ್ಬೇ ಸತ್ತಾ ಸುಖಿ ಹೊಂತು.
ಜೈ ಭೀಮ್. ನಮೋ ಬುದ್ಧಾಯ.