ಹೂ ಕೇಳುವುದು

ಕೊಯಮತ್ತೂರಿನಿಂದ ಸತ್ಯಮಂಗಲದ ದಾರಿ ಹಿಡಿದರೆ ಸಿಗುವ ಶರವಣಂಪಟ್ಟಿ ಈಗ ಸಾಫ್ಟ್‌ವೇರ್ ಕಂಪನಿಗಳ ಊರು. ಅಲ್ಲಿ ಸಂವಹನವೆಂದರೆ ಡೇಟಾ. ಪೊಟ್ಟಣ ಪೊಟ್ಟಣವಾಗಿ ಹೋಗುತ್ತದೆ, ತಲುಪಿದ್ದಕ್ಕೆ ಆ ಕಡೆಯಿಂದ ರಸೀದಿ ಬರುತ್ತದೆ.

ಕೊಯಮತ್ತೂರು ಸೇರಿದ ಇದೇ ಕೊಂಗುನಾಡಿನ ಗುಡಿಗಳಲ್ಲಿ ಬೇರೆ ಪೊಟ್ಟಣಗಳಿವೆ. ಒಂದರಲ್ಲಿ ಬಿಳಿ ಹೂ, ಇನ್ನೊಂದರಲ್ಲಿ ಕೆಂಪು. ಎರಡನ್ನೂ ಒಂದೇ ಥರ ಮಡಚಿ ದೇವರ ಮುಂದಿಟ್ಟು ಮಗುವಿನ ಕೈಲಿ ಒಂದನ್ನು ಎತ್ತಿಸುತ್ತಾರೆ. ಮದುವೆ ಮಾತು ಮುಂದುವರಿಸಬಹುದೇ, ಬಾವಿ ತೋಡಬಹುದೇ? ಬಿಚ್ಚಿದಾಗ ಕಂಡ ಬಣ್ಣವೇ ಉತ್ತರ.

ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಮಂಡಿಸಿದ ಸಂವಹನ ಸಿದ್ಧಾಂತದ ಲೆಕ್ಕದಲ್ಲಿ ಇದು ಸರಿಯಾಗಿ ಒಂದು ಬಿಟ್. ಸಂದೇಶದ ಅರ್ಥ ಎಂಜಿನಿಯರನ ತಲೆನೋವಲ್ಲ ಎಂದು ಆತ ಮೊದಲೇ ಕೈತೊಳೆದುಕೊಂಡಿದ್ದ. ಮಗಳ ಮದುವೆಗೆ ಹೂ ಕೇಳಲು ಬಂದ ತಾಯಿಗೆ ಬೇಕಿರುವುದು ಆ ಅರ್ಥವೊಂದೇ.

ಕರ್ನಾಟಕದ ರೂಢಿ ಇನ್ನೂ ಸೊಗಸು. ವಿಗ್ರಹದ ಮೇಲಿನ ಹೂ ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಬೀಳದೇ ಹೋದರೆ? ನೆಟ್‌ವರ್ಕಿನವರಾದರೆ ಟೈಮ್‌ಔಟ್ ಎಂದು ಮತ್ತೆ ಕಳಿಸುತ್ತಾರೆ. ಭಕ್ತರು ಮೌನವನ್ನೂ ಓದುತ್ತಾರೆ; ಕೇಳಿದ ರೀತಿಯೇ ತಪ್ಪಿರಬಹುದೆಂದು ತಮ್ಮನ್ನೇ ಅನುಮಾನಿಸುತ್ತಾರೆ.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕೊಯಮತ್ತೂರಿನ ನೇಕಾರ ದೇವಾಂಗರಿಗಂತೂ ಕುಲದೇವತೆ ಚೌಡೇಶ್ವರಿಯನ್ನು ಕರೆಯಲು ಎರಡು ಭಾಷೆಯೂ ಸಾಲದು. ವಿಜಯದಶಮಿಯ ಮೆರವಣಿಗೆಯಲ್ಲಿ ಗಂಡಸರು ಕೂಗುತ್ತಾ ಕತ್ತಿಯ ಅಲಗನ್ನು ಮೈಗೆ ಹೊಡೆದುಕೊಳ್ಳುತ್ತಾರೆ. ಗಾಯಕ್ಕೆ ಹಚ್ಚುವುದು ಅರಿಸಿನದ ಪುಡಿ.