ಬಾಡಿದ ಮಾಲೆ



ಕಾಪುವಿನ ಸಮೀಪದ ಶಂಕರಪುರದಲ್ಲಿ ಮಲ್ಲಿಗೆಯನ್ನು ಅರಳುವ ಮುನ್ನವೇ, ಬೆಳಗಿನಲ್ಲಿ ಮೊಗ್ಗಾಗಿ ಕೊಯ್ಯುತ್ತಾರೆ. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ ಹೂವು ನಾಲ್ಕು ಚೆಂಡಿಗೆ ಒಂದು ಅಟ್ಟೆಯ ಲೆಕ್ಕದಲ್ಲಿ ಉಡುಪಿ, ಕಾರ್ಕಳದ ಪೇಟೆಗಳಿಗೆ ಬರುತ್ತದೆ. ಸಂಜೆಗೆ ಅರಳಿ ಮನೆಯೆಲ್ಲ ಕಂಪು. ಮರುದಿನ ಎಸಳಿನ ಅಂಚು ಕಂದುತ್ತದೆ. ಕಂಪು ಬೀರಿದ್ದೂ ಕಂದಿದ್ದೂ ಒಂದೇ ಹೂವು. ಸತ್ತಿನ ಲಕ್ಷಣ ಉತ್ಪಾದ, ವ್ಯಯ, ಧ್ರೌವ್ಯವೆಂದು ಉಮಾಸ್ವಾಮಿಗಳು ಹೇಳಿದರು. ಇವುಗಳಲ್ಲಿ ವ್ಯಯವೊಂದನ್ನು ತೆಗೆದಿಟ್ಟು ಉಳಿದೆರಡನ್ನು ಮಾತ್ರ ಬಯಸುವುದು ವಸ್ತುಸ್ವರೂಪಕ್ಕೆ ಒಪ್ಪದು.

ಪಂಪನು 941ರಲ್ಲಿ ರಚಿಸಿದ ಆದಿಪುರಾಣದ ಲಲಿತಾಂಗದೇವನ ಕಥೆಯನ್ನು ಶ್ರಾವಕರು ಕೇಳಿಯೇ ಇರುತ್ತಾರೆ. ಈಶಾನಕಲ್ಪದಲ್ಲಿ ಸ್ವಯಂಪ್ರಭೆಯೊಡನೆ ಸುಖವಾಗಿದ್ದ ಆ ದೇವನಿಗೆ ಆಯುಷ್ಯವು ಆರು ತಿಂಗಳು ಉಳಿದಾಗ ಕೊರಳ ಮಾಲೆ ಬಾಡಿತು. ಎಂದೂ ಬಾಡದೆಂದು ನಂಬಿದ್ದ ಹೂವು! ಆತ ಮೊದಲು ಹೆದರಿದ, ದುಃಖಿಸಿದ. ದೇವನಾದರೂ ಹೆದರಿದನೆಂಬುದನ್ನು ಪುರಾಣ ಮರೆಮಾಚುವುದಿಲ್ಲ. ಮುಪ್ಪಿಗೆ ಅಂಜುವ ನಮ್ಮವರಿಗೆ ಇದು ಸಮಾಧಾನ. ಸಾಮಾನಿಕ ದೇವರು ತಿಳಿಯ ಹೇಳಿದ ಮೇಲೆ ಚೈತ್ಯಗಳಲ್ಲಿ ಜಿನಬಿಂಬಗಳನ್ನು ಪೂಜಿಸಿ, ಕಡೆಗೆ ಚೈತ್ಯವೃಕ್ಷದ ಕೆಳಗೆ ಕುಳಿತು ಪಂಚನಮಸ್ಕಾರವನ್ನು ಉಚ್ಚರಿಸುತ್ತ ದೇಹವನ್ನು ತೊರೆದ. ಹೊಸ ಮಾಲೆ ಮಾಡದ ಕೆಲಸವನ್ನು ಬಾಡಿದ ಮಾಲೆ ಮಾಡಿತು. ಆ ಜೀವವೇ ಮುಂದೆ ಹಲವು ಭವಗಳನ್ನು ದಾಟಿ ಆದಿತೀರ್ಥಂಕರನಾಯಿತು.

ಕಾರ್ಕಳದ ಬೆಟ್ಟದಲ್ಲಿ 1432ರಲ್ಲಿ ವೀರಪಾಂಡ್ಯನು ಪ್ರತಿಷ್ಠಾಪಿಸಿದ 42 ಅಡಿಯ ಬಾಹುಬಲಿಯೂ ಸುಮಾರು ಆರು ಶತಮಾನಗಳ ಮಳೆಯನ್ನು ಮೈಮೇಲೆ ತಾಳಿದ್ದಾನೆ. ಶಿಲೆಗೂ ಪರ್ಯಾಯವುಂಟು. ನಾಲ್ವತ್ತರ ಪ್ರಾಯದಲ್ಲಿ ಉಪವಾಸದಲ್ಲೇ ಆ ಮೆಟ್ಟಿಲುಗಳನ್ನೇರಿದ ಅಜ್ಜಿ ಎಂಬತ್ತರಲ್ಲಿ ಕೆಳಗೇ ನಿಂತು ಕೈಮುಗಿಯುತ್ತಾರೆ. ದಶಲಕ್ಷಣ ಪರ್ವ ಬಂದಾಗ ಸೊಸೆ, ಮೊಮ್ಮಕ್ಕಳು ಉಪವಾಸವಿರುವಾಗ ತಾವು ಉಣ್ಣಬೇಕಾಯಿತಲ್ಲ ಎಂದು ಅಂಥವರು ಅಡುಗೆಮನೆಯ ಮೂಲೆಯಲ್ಲಿ ಮುಖ ಮರೆಸಿಕೊಂಡು ಊಟ ಮಾಡುವುದುಂಟು. ಮನೆಯವರು ಅದನ್ನು ಕಂಡೂ ಕಾಣದಂತಿರುವುದೂ ಉಂಟು. ಈ ನಾಚಿಕೆಗೆ ಆಗಮದಲ್ಲಿ ಆಧಾರವಿಲ್ಲ.

ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ‘ಶಕ್ತಿತಃ’ ಎಂಬ ಮಾತು ಸೇರಿದೆ. ಇರುವ ಶಕ್ತಿಯನ್ನು ಬಚ್ಚಿಡಬಾರದು. ಇಲ್ಲದ ಶಕ್ತಿಯನ್ನು ತೋರಲೂಬಾರದು. ವೈದ್ಯರು ಕೊಟ್ಟ ಔಷಧವನ್ನು ಬಿಟ್ಟು ಉಪವಾಸ ಮಾಡುವೆನೆಂಬುದು ಹಟ, ತಪಸ್ಸಲ್ಲ. ಬಾಹ್ಯತಪಸ್ಸಿನಲ್ಲಿ ಅನಶನದ ಪಕ್ಕದಲ್ಲೇ ಅವಮೌದರ್ಯವಿದೆ, ರಸಪರಿತ್ಯಾಗವಿದೆ. ಹಸಿವಿಗಿಂತ ಎರಡು ತುತ್ತು ಕಡಿಮೆ ಉಂಡರೂ, ಒಂದು ದಿನ ಉಪ್ಪನ್ನೋ ತುಪ್ಪವನ್ನೋ ತೊರೆದರೂ ಅದು ವ್ರತವೇ. ಯೌವನದ ಉಪವಾಸದಲ್ಲಿ ‘ನಾನು ಮಾಡಿದೆ’ ಎಂಬ ಹಮ್ಮು ಸುಲಭವಾಗಿ ಸೇರಿಬಿಡುತ್ತದೆ. ಮುಪ್ಪಿನ ಆ ಎರಡು ತುತ್ತಿನಲ್ಲಿ ಅದಕ್ಕೆ ಎಡೆ ಕಡಿಮೆ.

ಆದುದರಿಂದ ಈ ಪರ್ವದಲ್ಲಿ ಅಜ್ಜಿಯ ಮಣೆಯನ್ನು ಮೂಲೆಯಿಂದ ತೆಗೆದು ನಡುಮನೆಯಲ್ಲಿ ಹಾಕಿರಿ. ಅವರು ಮೊದಲು ಉಣ್ಣಲಿ. ಉಂಡು ಕೈತೊಳೆದು ಜಪಮಾಲೆ ಹಿಡಿದಾಗ, ಸುಕ್ಕುಗಟ್ಟಿದ ಆ ಬೆರಳುಗಳಲ್ಲಿ ಮಣಿಗಳು ಎಷ್ಟು ನಿಧಾನವಾಗಿ, ಒಂದೂ ತಪ್ಪದೆ ಸರಿಯುತ್ತವೆಂಬುದನ್ನು ಮಕ್ಕಳು ಹತ್ತಿರ ಕುಳಿತು ನೋಡಲಿ.