ಹಗೇವಿನ ಜೋಳ ಯಾರದು?

ನಾಳೆಗೆಂದು ಕೂಡಿಟ್ಟುಕೊಳ್ಳುವುದು ಸರಿಯೋ ತಪ್ಪೋ ಎಂಬ ಪ್ರಶ್ನೆಯನ್ನು ಶರಣರ ಚರಿತ್ರೆಯನ್ನು ಓದಿದವರೆಲ್ಲರೂ ಒಮ್ಮೆಯಾದರೂ ಎದುರಿಸಿಯೇ ಇರುತ್ತಾರೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗವು ನಿಮಗೆ ತಿಳಿದದ್ದೇ ಆಗಿದೆ. ಬಾಲ್ಯದಲ್ಲಿ ಪ್ರಸಾದ ನಿಲಯದ ಸಂಜೆಯ ಪ್ರವಚನದಲ್ಲಿ ಇದನ್ನು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಅಳುಕಾಗುತ್ತಿತ್ತು. ಏಕೆಂದರೆ ನಮ್ಮ ಮನೆಯ ಅಂಗಳದ ಕೆಳಗೆ ಹಗೇವು ಇದ್ದಿತು; ಅದರಲ್ಲಿ ಎರಡು ವರ್ಷಕ್ಕೆ ಸಾಲುವಷ್ಟು ಜೋಳವಿದ್ದಿತು. ಹಾಗಾದರೆ ನಮ್ಮ ಅಜ್ಜನವರು ತಪ್ಪಿತಸ್ಥರೆ?

ಹಗೇವನ್ನು ಕಂಡಿರದ ಕಿರಿಯರಿಗಾಗಿ ಒಂದೆರಡು ಮಾತು ಹೇಳಬೇಕು. ಒಣಗಿದ ಗಟ್ಟಿ ನೆಲದಲ್ಲಿ ತೋಡಿದ ಈ ಕಣಜದ ಬಾಯಿಯು ಒಬ್ಬ ಮನುಷ್ಯನು ಇಳಿಯುವಷ್ಟು ಮಾತ್ರ ಕಿರಿದು, ಹೊಟ್ಟೆಯು ಅಗಲ. ತಳಕ್ಕೂ ಸುತ್ತಲಿಗೂ ಹುಲ್ಲು ಕಣಿಕೆಗಳನ್ನು ಹಾಸಿ, ಚೆನ್ನಾಗಿ ಒಣಗಿದ ಹಿಂಗಾರಿ ಜೋಳವನ್ನು ತುಂಬಿ, ಚಪ್ಪಡಿಯನ್ನು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮುಚ್ಚಿದ ಮೇಲೆ ಕಾಳು ತಾನೇ ಉಸಿರಾಡಿ ಒಳಗಿನ ಆಮ್ಲಜನಕವನ್ನು ತೀರಿಸುತ್ತದೆ, ಇಂಗಾಲದ ಡೈಆಕ್ಸೈಡು ತುಂಬಿಕೊಳ್ಳುತ್ತದೆ, ಹುಳು ಬದುಕುವುದಿಲ್ಲ. ಯಾವ ಔಷಧಿಯೂ ಇಲ್ಲದೆ ಧಾನ್ಯವು ವರ್ಷಗಟ್ಟಲೆ ಉಳಿಯುತ್ತಿದ್ದುದರ ಗುಟ್ಟು ಇಷ್ಟೆ. ಆದರೆ ಹುಳುವನ್ನು ಕೊಲ್ಲುವ ಆ ಗಾಳಿಯು ಮನುಷ್ಯನನ್ನೂ ಬಿಡುವುದಿಲ್ಲ. ಆದುದರಿಂದಲೇ ಬಾಯಿ ತೆರೆದು ಬಹಳ ಹೊತ್ತು ಹಾಗೆಯೇ ಬಿಡುತ್ತಿದ್ದರು; ಕಂದೀಲನ್ನು ಇಳಿಬಿಟ್ಟು, ಅದು ಆರಲಿಲ್ಲವೆಂದು ಕಂಡುಕೊಂಡ ಮೇಲೆಯೇ ಒಬ್ಬನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದನು, ಇಬ್ಬರು ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದರು. ಆತುರಪಟ್ಟು ಇಳಿದು ಪ್ರಾಣ ಕಳೆದುಕೊಂಡವರೂ ಉಂಟು. ಎಷ್ಟೇ ಸಿರಿವಂತನಾದರೂ ತನ್ನ ಹಗೇವನ್ನು ತಾನೊಬ್ಬನೇ ತೆಗೆಯಲಾರನು.

1972ರ ಬರಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದ ಮಾತುಕತೆಯು ನನಗೆ ಇಂದಿಗೂ ನೆನಪಿದೆ. ಊರಿನವರು ಜೋಳ ಕೇಳಲು ಬಂದಿದ್ದರು. ಅಜ್ಜಿಯವರು, "ಮುಂದಿನ ವರ್ಷನೂ ಮಳಿ ಆಗ್ಲಿಲ್ಲಂದ್ರ ನಮ್ಮ ಮಕ್ಕಳ ಗತಿ ಏನು?" ಎಂದರು. ಇದನ್ನು ಸ್ವಾರ್ಥವೆಂದು ತಳ್ಳಿಹಾಕುವಂತಿಲ್ಲ. ಒಂದು ಹಗೇವನ್ನು ಇಡೀ ಊರಿಗೆ ತೆರೆದರೆ ಅದು ತಿಂಗಳೊಪ್ಪತ್ತಿನಲ್ಲಿ ಬರಿದಾಗುತ್ತದೆ. ಆಮೇಲೆ ಕೊಟ್ಟವನೂ ಉಪವಾಸ, ಇಸಿದುಕೊಂಡವನೂ ಉಪವಾಸ. ಧರ್ಮವನ್ನು ಬೋಧಿಸುವವರು ಈ ಲೆಕ್ಕವನ್ನು ಮರೆಯುವುದುಂಟು. ಮನೆ ನಡೆಸುವ ತಾಯಂದಿರು ಮರೆಯುವುದಿಲ್ಲ. ಅಜ್ಜನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಡಿಗ್ಯಾ ಕಂಬಾರ ಊರು ಬಿಟ್ಟು ಹೋದ್ರ ಮುಂದ ಕೂರಿಗಿ ಕಟ್ಟಾವ್ರು ಯಾರು?" ಎಂದು ಕೇಳಿದರು. ಮರುದಿನದಿಂದ ವಾರಕ್ಕೊಮ್ಮೆ, ಮನೆಯ ತಲೆ ಎಣಿಸಿ, ಸೇರಿನಿಂದ ಅಳೆದು ಕೊಡುವುದು ಮೊದಲಾಯಿತು. ಸವಾಯಿ ಹಿಡಿಯಲಿಲ್ಲ. ಸವಾಯಿ ಎಂದರೆ ಕೊಟ್ಟ ಧಾನ್ಯಕ್ಕೆ ಸುಗ್ಗಿಯಲ್ಲಿ ಕಾಲು ಪಾಲು ಹೆಚ್ಚಿಗೆ ಇಸಿದುಕೊಳ್ಳುವುದು. ಅದೇ ವರ್ಷ ನೆರೆಯೂರಿನ ಸಾಹುಕಾರರೊಬ್ಬರು ಒಂದಕ್ಕೆ ಒಂದೂವರೆಯ ಲೆಕ್ಕದಲ್ಲಿ ಜೋಳ ಕೊಟ್ಟು, ತೀರಿಸಲಾರದವರ ಹೊಲಗಳನ್ನು ಬರೆಸಿಕೊಂಡರು. ಅವರ ಹಗೇವೂ ತೆರೆಯಿತು, ನಮ್ಮದೂ ತೆರೆಯಿತು. ತೆರೆಯುವುದೊಂದೇ ಧರ್ಮವಲ್ಲ.

ಆದರೂ ನಮ್ಮ ಹಿರಿಯರನ್ನು ಹೊಗಳಿ ಮುಗಿಸುವುದು ಪ್ರಾಮಾಣಿಕತೆಯಾಗಲಾರದು. ಆಯಗಾರರ ಮನೆಗಳಿಗೆ ಮೊದಲು ಸಂದ ಜೋಳವು ಊರ ಹೊರಗಿನ ಕೇರಿಗೆ ಮುಟ್ಟಿದುದು ಕಡೆಗೆ, ಅದೂ ಕಡಿಮೆ ಅಳತೆಯಲ್ಲಿ. ಆ ಹಗೇವನ್ನು ತೋಡಿದವರು, ಪ್ರತಿ ಸಲ ಹಗ್ಗ ಕಟ್ಟಿಕೊಂಡು ಒಳಗಿಳಿದವರು ಅದೇ ಕೇರಿಯವರಾಗಿದ್ದರು.

ಸ್ವಾವಲಂಬನೆ ಎಂಬ ಮಾತನ್ನು ನಾವು ಈಗ ತುಂಬ ಬಳಸುತ್ತೇವೆ. ಬಹುಮಟ್ಟಿಗೆ ಅದರ ಅರ್ಥವು ನನ್ನ ಮನೆಗೆ ಬೇಕಾದುದು ನನ್ನಲ್ಲಿದೆ ಎಂದಾಗಿದೆ. 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ನೆನೆದರೆ ಈ ಅರ್ಥವು ಎಷ್ಟು ಟೊಳ್ಳೆಂಬುದು ಮನವರಿಕೆಯಾಗುತ್ತದೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯು 50 ಲಕ್ಷ 55 ಸಾವಿರ; 1881ರಲ್ಲಿ ಅದು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ದೇಶದಲ್ಲಿ ಧಾನ್ಯವೇ ಇರಲಿಲ್ಲವೆಂದು ತಿಳಿಯಬೇಡಿ. ಆ ವರ್ಷಗಳಲ್ಲಿಯೂ ಭಾರತದಿಂದ ಧಾನ್ಯವು ಹಡಗಿನಲ್ಲಿ ಹೊರಗೆ ಹೋಗುತ್ತಲೇ ಇದ್ದಿತು. ಕೊಳ್ಳುವ ಶಕ್ತಿ ಇಲ್ಲದವರು ಸತ್ತರು. ಅಮರ್ತ್ಯ ಸೇನರು 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕ್ಷಾಮಗಳ ಬಗೆಗೆ ವಿವರಿಸಿದ ತತ್ತ್ವವೂ ಇದೇ: ಆಹಾರವು ಇರುವುದು ಬೇರೆ, ಅದು ಹಸಿದವನಿಗೆ ದಕ್ಕುವುದು ಬೇರೆ. ಕೂಲಿಕಾರನು ಸತ್ತು, ಕಂಬಾರನು ವಲಸೆ ಹೋಗಿ, ಎತ್ತುಗಳು ಅಳಿದ ಊರಿನಲ್ಲಿ ಹಗೇವು ತುಂಬಿದವನು ಏನನ್ನು ಬಿತ್ತಬೇಕು, ಯಾರೊಡನೆ ಬಿತ್ತಬೇಕು?

ಈಗ ಹಗೇವುಗಳು ಅಪರೂಪವಾಗಿವೆ. 1964ರಲ್ಲಿ ಬಿಡುಗಡೆಯಾದ ಸಿ.ಎಸ್.ಎಚ್.-1ರಂತಹ ಸಂಕರ ತಳಿಗಳು ಇಳುವರಿಯನ್ನು ಹೆಚ್ಚಿಸಿದವು. ಆದರೆ ಮಳೆಗಾಲದ ತೇವದಲ್ಲಿ ಮಾಗುವ ಆ ಕಾಳಿಗೆ ಬೂಷ್ಟು ಬೇಗ ಹಿಡಿಯುತ್ತಿತ್ತು. ಮುಂದೆ ಪಡಿತರದ ಅಕ್ಕಿ ಬಂದಿತು. 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯೂ ಬಂದಿತು. ಪಡಿತರವನ್ನು ಹಳಿಯುವವರ ಸಾಲಿಗೆ ನಾನು ಸೇರುವವನಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ನಗರಗಳಿಂದ ನಡೆದು ಬಂದವರ ಒಲೆಗಳು ಉರಿದುದರಲ್ಲಿ ಅದರ ಪಾಲು ದೊಡ್ಡದು. ಆದರೆ ಅದೇ ದಿನಗಳಲ್ಲಿ, ಲಾರಿ ನಿಂತರೆ ಊರಿನಲ್ಲಿ ಎಷ್ಟು ದಿನದ ಕಾಳಿದೆ ಎಂದು ಯಾರಾದರೂ ಕೇಳಿದ್ದರೆ, ನಮ್ಮ ಎಷ್ಟು ಊರುಗಳು ಉತ್ತರ ಕೊಡಬಲ್ಲವಾಗಿದ್ದವು?

ಬೀದರಿನ ಗಡಿಯಾಚೆ, ಜಹೀರಾಬಾದ್ ಸೀಮೆಯಲ್ಲಿ, 1990ರ ದಶಕದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಸರೆಯಲ್ಲಿ ದಲಿತ ಮಹಿಳೆಯರ ಸಂಘಗಳು ಉತ್ತರವೊಂದನ್ನು ಕೊಟ್ಟವು. ಪಾಳುಬಿದ್ದ ಹೊಲಗಳನ್ನು ಜೋಳಕ್ಕೆ ತಂದರು. ಪಡೆದ ಸಾಲವನ್ನು ಹಣದಲ್ಲಲ್ಲ, ಜೋಳದಲ್ಲಿ ತೀರಿಸಿದರು. ಆ ಜೋಳವನ್ನು ಊರಿನಲ್ಲಿಯೇ ಸಂಗ್ರಹಿಸಿ, ಬಡವರಿಗೆ ಕಡಿಮೆ ಬೆಲೆಗೆ ಕೊಟ್ಟರು. ಯಾರು ಹೆಚ್ಚು ಬಡವರೆಂಬುದನ್ನು ನಿರ್ಣಯಿಸಿದವರು ಊರಿನವರೇ. ಹಗ್ಗ ಹಿಡಿಯುವವರು ಬದಲಾದರು ಎನ್ನಬಹುದು. ಕೇರಿಯವರೇ ಅಳೆಯುವ ಸೇರನ್ನು ಕೈಗೆ ತೆಗೆದುಕೊಂಡರು.

ಲಕ್ಕಮ್ಮನವರ ಮಾತನ್ನು ನಾನು ಈಗ ಬೇರೆಯಾಗಿ ಗ್ರಹಿಸುತ್ತೇನೆ. ಅವರು ಅಕ್ಕಿಯನ್ನು ಬೀದಿಗೆ ಎಸೆಯಲು ಹೇಳಲಿಲ್ಲ. ಅದು ಎಲ್ಲರದಾಗಿದ್ದ ಅಂಗಳಕ್ಕೆ ಹಿಂದಿರುಗಲಿ ಎಂದರು. ದಾಸೋಹಕ್ಕೆ ಕಣಜವು ಬೇಡವೆ? ಪ್ರಸಾದ ನಿಲಯದಲ್ಲಿ ನಾವೆಲ್ಲ ಉಂಡುದು ಸಾವಿರಾರು ಮನೆಗಳ ತಾಯಂದಿರು ದಿನಕ್ಕೊಂದು ಹಿಡಿಯಂತೆ ತೆಗೆದಿಟ್ಟ ಧಾನ್ಯವನ್ನು. ಸಂಗ್ರಹವಿಲ್ಲದೆ ಆ ಪಂಕ್ತಿಯು ನಡೆಯುತ್ತಿರಲಿಲ್ಲ.

ಮಠದಲ್ಲಿ ಓದಿ ನೌಕರಿಯಲ್ಲಿರುವ ನೀವು, ಜಾತ್ರೆಗೆ ಬಂದಾಗ ನಿಮ್ಮ ಊರಿನ ಹಿರಿಯರೊಡನೆ ಒಂದು ಗಳಿಗೆ ಕುಳಿತುಕೊಳ್ಳಿರಿ. ಸುಗ್ಗಿಯಲ್ಲಿ ಮನೆಗೊಂದು ಚೀಲದಂತೆ ಕೂಡಿಸಿದರೆ ಎಷ್ಟಾಗುವುದು, ಯಾವ ಕೋಣೆಯಲ್ಲಿಡುವುದು, ಕೀಲಿಯು ಯಾರ ಕೈಯಲ್ಲಿರಬೇಕು ಎಂಬುದನ್ನು ಮಾತನಾಡಿರಿ. ಕೀಲಿಕೈಗಳು ಎರಡಿರಲಿ, ಒಂದು ಕೇರಿಯಲ್ಲಿರಲಿ ಎಂಬುದು ನನ್ನ ಅಭಿಪ್ರಾಯ. ಒಯ್ದವರು ಹಿಂದಿರುಗಿಸದಿದ್ದರೆ ಏನು ಮಾಡುವುದೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಜ್ಜನವರ ವಹಿಯು ನನ್ನ ಬಳಿ ಇದೆ. 1972ರ ಪುಟದಲ್ಲಿ ಮೂವತ್ತೊಂದು ಹೆಸರುಗಳಿವೆ. ಏಳರ ಮುಂದೆ ತೀರಿತೆಂಬ ಗೆರೆ ಇಲ್ಲ. ಮರುವರ್ಷದ ಪುಟದಲ್ಲಿ ಅದೇ ಏಳು ಹೆಸರುಗಳು ಬಿತ್ತನೆಯ ಆಳುಗಳ ಪಟ್ಟಿಯಲ್ಲಿವೆ.